ಹಲಗೆ ನೋಡಿ ಹೋದ ಮೂವರು

ಕೇಳ್ರಪ್ಪಾ, ಕೇಳ್ರವ್ವಾ. ಹೆಸರು ಮರೆತುಹೋದ ಒಂದು ಸೀಮೆ, ಆ ಸೀಮೆಯಲ್ಲೊಂದು ಊರು. ಆ ಊರಲ್ಲಿ ತಿಪ್ಪಯ್ಯ ಅಂತ ಒಬ್ಬ ಮೇಷ್ಟ್ರು. ತಾಯಿ ಇಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ ನಿಂಗಮ್ಮ. ಈಗ ತಿಪ್ಪಯ್ಯನ ಮಗಳಿಗೆ ಮದುವೆ. ಸೋದರತ್ತೆ ಅರಿಶಿನ ಹಚ್ಚದೆ ಮದುವೆ ಉಂಟೇ? ಅಕ್ಕನನ್ನು ಕರೀಬೇಕು.

ತಾನೇ ಹೋಗಬಹುದಿತ್ತಲ್ಲ? ಹೋಗಲಿಲ್ಲ. ಬೈರ, ಕೆಂಚ, ಸಣ್ಣೀರ ಅಂತ ಮೂವರಿಗೆ ಅಕ್ಷರ ಕಲಿಸಿದ್ದ. ಬಾಯಲ್ಲಿ ಹೇಳಿದರೆ ಕಲಿಸಿದ್ದಕ್ಕೇನು ಬೆಲೆ ಅಂತ ಜಂಬ. ಇದ್ದದ್ದು ಒಂದೇ ಹಲಗೆ, ಬಾಗಿಲ ಹಿಂದೆ ತೂಗುಹಾಕಿದ್ದು.

ಮೂವರೂ ಊಟಕ್ಕೆ ಕೂತಿದ್ದರು. ಮೇಷ್ಟ್ರು 'ಅಕ್ಕನ ಮನೆ' ಅಂತ ಬರೆದ. ನೀನು ಕರೆಯಬೇಕಾದ ಮನೆ ಹಲಗೆಯಲ್ಲಿದೆ, ನೋಡಿಕೊಂಡು ಹೋಗು ಅಂತ ಬೈರನಿಗೆ ಹೇಳಿದ. ಅಳಿಸಿದ. 'ಮಾವನ ಮನೆ' ಅಂತ ಬರೆದ. ಕೆಂಚನಿಗೂ ಅದೇ ಮಾತು. ಅಳಿಸಿದ. 'ಗೌಡರ ಮನೆ' ಅಂತ ಬರೆದ. ಸಣ್ಣೀರನಿಗೂ ಅದೇ ಮಾತು. ಆಮೇಲೆ ಅವರು ಒಬ್ಬೊಬ್ಬರಾಗಿ ಕೈ ತೊಳೆದು ಹಲಗೆ ನೋಡಿದರು. ಏನು ಕಂಡಿತು ಹೇಳಿ? ಮೂವರಿಗೂ ಗೌಡರ ಮನೆಯೇ.

ಗೌಡರದ್ದು ಅಕ್ಕನ ಊರು ದಾಟಿ ಮುಂದಿನ ಊರು. ದಾರಿಯಲ್ಲಿ ಅಕ್ಕನ ಮನೆ ಮುಂದೆ ಬೈರ ಬಂದ. ತಮ್ಮನ ಕರೆ ಬಂತು ಅಂತ ನಿಂಗಮ್ಮ ಓಡಿಬಂದು ನೀರು ಕೊಟ್ಟಳು. ಕುಡಿದು ಮುಂದೆ ಹೋದ. ಕೆಂಚ ಬಂದ. ನೀರು ಕೊಟ್ಟಳು. ಕುಡಿದು ಮುಂದೆ ಹೋದ. ಸಣ್ಣೀರ ಬಂದ. ಅವನೂ ಹಾಗೇ ಹೋದ. ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು.

ಅರಿಶಿನದ ದಿನ ಹಿರಿಯರು ಸೋದರತ್ತೆ ಎಲ್ಲಿ ಅಂದರು. ನಮಗೆ ಮಾತ್ರ ಮೂರು ಸಲ ಕರೆ ಬಂತು ಮೇಷ್ಟ್ರೇ ಅಂತ ಗೌಡರು ನಕ್ಕರು. ತಿಪ್ಪಯ್ಯನಿಗೆ ಆಗ ಹೊಳೆಯಿತು. ಹೇಳೋಕೆ ನನಗೇ ನಾಚಿಕೆಯಾಗುತ್ತೆ, ಅವನಿಗೆ ಹೇಗಾಗಿರಬೇಡ? ಮಾವನ ಮನೆಗೆ ಕೆಂಚನನ್ನು ಓಡಿಸಿ, ತಾನು ಬರಿಗಾಲಲ್ಲಿ ಅಕ್ಕನ ಊರಿಗೆ ಓಡಿದ.

"ಅಕ್ಕ, ಮೊದಲು ಬರೆದದ್ದು ನಿನ್ನ ಮನೇನೇ."

"ಬರೆದೆ ಕಣೋ. ಬರೋಕೆ ಏನಾಗಿತ್ತು?"

ಅವನು ಅಕ್ಕನ ಕಾಲು ಹಿಡಿದ. ಅವಳು ಅರಿಶಿನದ ಬಟ್ಟಲು ಎತ್ತಿಕೊಂಡು ಹೊರಟಳು.

ಚಪ್ಪರದಲ್ಲಿ ನೆಂಟರೆಲ್ಲ ಸುತ್ತುವರಿದು, ಯಾಕಮ್ಮ ಇಷ್ಟು ತಡ, ತಮ್ಮ ಕರೀಲಿಲ್ಲವಾ ಅಂದರು. ತಿಪ್ಪಯ್ಯ ನೆಲ ನೋಡುತ್ತ ನಿಂತ.

"ನನಗೆ ಎಲ್ಲರಿಗಿಂತ ಮೊದಲೇ ಕರೆ ಬಂದಿತ್ತು" ಅಂದಳು ನಿಂಗಮ್ಮ. "ತಡ ಮಾಡಿದ್ದು ನಾನೇ."

ಮಾರನೇ ದಿನ ಧಾರೆ ಎರೆಯುವಾಗಲೂ ತಿಪ್ಪಯ್ಯ ತಲೆ ಎತ್ತಲಿಲ್ಲ.

ಅವರು ಮದುವೆ ಊಟ ಉಂಡರು, ನಾನು ಕಥೆ ಮುಗಿಸಿದೆ. ಅಕ್ಕ ಇರೋರು ನಾಳೆ ಹೋಗಿ ಮಾತಾಡಿಸಿಕೊಂಡು ಬನ್ನಿ.