ಬಾಸಿಂಗದವ್ವ

ಒಂದೂರಲ್ಲಿ ಒಬ್ಬ ಸಾಹುಕಾರ. ಹತ್ತಿ ಗಿರಣಿ ಇತ್ತು, ಹತ್ತು ಕೂರಿಗೆ ಎರೆಹೊಲ ಇತ್ತು, ಊರ ನಡುವೆ ಹದಿನೆಂಟು ಕಂಬದ ಮನೆ ಇತ್ತು. ನೋಡಿ, ಇಷ್ಟು ಹೇಳುವಷ್ಟರಲ್ಲೇ ಪ್ರವಚನ ಕೇಳಲು ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಇಲ್ಲಿಯ ಕಂಬಕ್ಕೆ ಒರಗಿದರು. ಸಾಹುಕಾರ ಜಿಪುಣ ಇರುತ್ತಾನೆ, ಕೊನೆಗೆ ಬುದ್ಧಿ ಬರುತ್ತದೆ, ಅಷ್ಟರೊಳಗೆ ಒಂದು ಸಣ್ಣ ನಿದ್ದೆ ಆಗುತ್ತದೆ ಅಂತ ಲೆಕ್ಕ. ಸ್ವಲ್ಪ ತಡೆಯಿರಿ. ಈ ಸಾಹುಕಾರ ಜಿಪುಣನಲ್ಲ, ಕೆಟ್ಟವನಲ್ಲ. ಮೇಲಾಗಿ, ಕಥೆ ಅವನದಲ್ಲವೇ ಅಲ್ಲ. ಕಥೆ ಅವನ ಹೆಂಡತಿಯದು.

ಆಕೆಯ ಹೆಸರು? ಕಥೆಗಳಲ್ಲಿ ಶ್ರೀಮಂತನ ಹೆಂಡತಿಗೆ ಹೆಸರು ಎಲ್ಲಿರುತ್ತದೆ ಹೇಳಿ? ಇವತ್ತು ನಾವೇ ಇಡೋಣ. ಗುರಸಿದ್ದವ್ವ ಅನ್ನೋಣ.

ಗುರಸಿದ್ದವ್ವ ಹದಿನಾರಕ್ಕೆ ಆ ಮನೆಗೆ ಬಂದವಳು. ಈಗ ಅರವತ್ತೊಂದು. ನಡುವಿನ ನಲವತ್ತೈದು ವರ್ಷ ಏನು ಮಾಡಿದಳು? ರೊಟ್ಟಿ ಬಡಿದಳು. ಮಕ್ಕಳನ್ನು ಹೆತ್ತಳು, ಬೆಳೆಸಿದಳು. ಹಬ್ಬ ಮಾಡಿದಳು, ಬೀಗರನ್ನು ಉಪಚರಿಸಿದಳು, ಮದುವೆ ಬಂದಾಗಲೆಲ್ಲ ಅಕ್ಕಪಕ್ಕದ ಹೆಂಗಸರನ್ನು ಕೂಡಿಸಿಕೊಂಡು ಶ್ಯಾವಿಗೆ ಹೊಸೆದಳು, ಗೋದಿ ಹಿಟ್ಟಿನಲ್ಲಿ ಗುಳಿಗೆ, ಸೌತೆಬೀಜ ತೀಡಿದಳು. ಸೌತೆಬೀಜವೆಂದರೆ ಅಕ್ಕಿಕಾಳಿನಷ್ಟು ಹಿಟ್ಟನ್ನು ಎರಡು ಬೆರಳಿನ ನಡುವೆ ತೀಡಿ, ತುದಿ ಎರಡೂ ಚೂಪು ಮಾಡಿ ಹಾಕುವುದು. ಒಂದು ಸೇರು ತುಂಬಲು ಎಷ್ಟು ಸಾವಿರ ಬೇಕು, ಎಣಿಸಿದವರು ಯಾರು? ತಿಂದವರಂತೂ ಎಣಿಸಲಿಲ್ಲ.

ಇಬ್ಬರು ಸೊಸೆಯಂದಿರು ಬಂದ ಮೇಲೂ ಅವರ ಜೊತೆ ದುಡಿದಳು. ಒಳ್ಳೆಯ ಸೊಸೆಯಂದಿರು. ಆಕೆಗೆ ಅರವತ್ತು ದಾಟಿದಾಗ "ಅತ್ತಿ, ನೀವು ದುಡಿದದ್ದು ಸಾಕು, ಇನ್ನ ಆರಾಮ ಕುಂದರ್ರಿ" ಅಂದರು. ಗುರಸಿದ್ದವ್ವ ಕೂತಳು. ಬೆಳಿಗ್ಗೆ ಕೂತಳು, ಮಧ್ಯಾಹ್ನ ಕೂತಳು, ಸಂಜೆಗೂ ಕೂತಳು. ಕೂರುವುದು ಸುಖ ಅಂತ ನಾವೆಲ್ಲ ತಿಳಿದಿದ್ದೇವೆ, ಅಲ್ಲವೇ? ಒಂದು ವಾರ ಸುಖವೇ. ಎರಡನೆಯ ವಾರ ಕೈಗಳು ಸೆರಗಿನ ದಾರ ಬಿಡಿಸತೊಡಗಿದವು. ಮೂರು ತಿಂಗಳಲ್ಲಿ ಎರಡು ಇಳಕಲ್ ಸೀರೆಯ ಅಂಚು ಹಾಳಾಯಿತು. ಆಕೆಗೆ ದುಃಖವಿರಲಿಲ್ಲ, ಅನ್ನಕ್ಕೆ ಮಾನಕ್ಕೆ ಕೊರತೆಯಿರಲಿಲ್ಲ. ಆದರೂ ಎದೆಯೊಳಗೆ ಏನೋ ಒಂದು, ಹೇಳಲು ಬಾರದ್ದು, ಮಧ್ಯಾಹ್ನದ ಹೊತ್ತಿಗೆ ಎದ್ದು ಕೂರುತ್ತಿತ್ತು.

ಕಾರ್ತಿಕದಲ್ಲಿ ಹಿರಿಯ ಮೊಮ್ಮಗಳ ಮದುವೆ ನಿಶ್ಚಯವಾಯಿತು. ವೈಶಾಖಕ್ಕೆ ಲಗ್ನ. ಆ ಊರಲ್ಲಿ ಒಂದು ಪದ್ಧತಿ. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವನ್ನು ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಮನೆಯ ಹಿರಿಯಳು ಎಲೆ ಅಡಿಕೆ, ಕಾಯಿ, ಕುಂಕುಮ ತೆಗೆದುಕೊಂಡು, ಅದನ್ನು ಮಾಡುವ ಚಿತ್ರಗಾರರ ಮನೆಗೆ ಹೋಗಿ ಹೇಳಿ ಬರಬೇಕು. ಗುರಸಿದ್ದವ್ವ ಹೋದಳು. ಚಿತ್ರಗಾರ ಅಜ್ಜನಿಗೆ ಎಂಬತ್ತು. ಕಾಯಿಯನ್ನು ಮುಟ್ಟಿ ನಮಸ್ಕಾರ ಮಾಡಿ ಹಿಂದಕ್ಕೆ ಕೊಟ್ಟ. "ಯವ್ವಾ, ಕಣ್ಣು ಕೈ ಕೊಟ್ಟಾವು. ನಮ್ಮ ಮನ್ಯಾಗ ಇದನ್ನ ಮುಂದ ಮಾಡವ್ರಿಲ್ಲ. ಸಿಟಿಯಾಗ ಮಿಂಚಿನವು ಸಿಗ್ತಾವು, ತರಿಸ್ಕೊಳ್ರಿ" ಅಂದ.

ಆಕೆ ಏಳಬೇಕಿತ್ತು. ಏಳಲಿಲ್ಲ. ಮೂಲೆಯಲ್ಲಿ ಬೆಂಡಿನ ಒಂದು ಕಟ್ಟು ಇತ್ತು. ಕೆರೆಯ ನೀರಲ್ಲಿ ಬೆಳೆಯುವ ಗಿಡ, ಸಿಪ್ಪೆ ತೆಗೆದರೆ ಒಳಗೆ ಹಾಲಿನಂಥ ತಿರುಳು. ಒಂದು ತುಂಡನ್ನು ಕೈಗೆತ್ತಿಕೊಂಡಳು. ಕೈಯಲ್ಲಿ ಏನೋ ಇದೆ ಅನ್ನಿಸದಷ್ಟು ಹಗುರ.

"ಇದನ್ನ ಹೆಂಗ ಕೊರೀತೀರಿ, ಯಜ್ಜಾ?"

ಅಜ್ಜ ತೋರಿಸಿದ. ಆಕೆ ನೋಡಿದಳು. ನೋಡಿ, ಸಂಕೋಚದಿಂದ ಕೇಳಿದಳು: "ಅರವತ್ತೊಂದು ಆತು ನನಗ. ಈಗ ಕಲ್ತ್ರ ಬರ್ತೈತೇನು?"

ಅಜ್ಜ ನಕ್ಕ. "ಬೆಂಡಿಗೆ ನಿಮ್ಮ ವಯಸ್ಸು ಗೊತ್ತಿಲ್ಲ. ನೀವೂ ಹೇಳಾಕ ಹೋಗಬ್ಯಾಡ್ರಿ."

ಮರುದಿನದಿಂದ ಊಟವಾದ ಮೇಲೆ ಗುರಸಿದ್ದವ್ವ ದಿನಾ ಹೊರಟಳು. ಎಲ್ಲಿಗೆ ಅಂದರೆ ಮಠಕ್ಕೆ ಅನ್ನುತ್ತಿದ್ದಳು. ಸುಳ್ಳು. ನಾನು ಒಪ್ಪುತ್ತೇನೆ, ಅದು ಸುಳ್ಳೇ. ಆದರೆ ಯಾಕೆ ಹೇಳಿದಳು? ಮಠಕ್ಕೆ ಅಂದರೆ ಯಾರೂ ತಡೆಯುವುದಿಲ್ಲ. ಕಲಿಯಲಿಕ್ಕೆ ಅಂದರೆ? ನಗುತ್ತಾರೆ. ನಗುವಿಗೆ ಹೆದರಿ ಹೇಳಿದ ಸುಳ್ಳಿನಲ್ಲಿ ನಕ್ಕವರ ಪಾಲೂ ಇದೆ.

ಮೊದಲ ತಿಂಗಳು ಬೆಂಡೆಲ್ಲ ಚೂರುಚೂರು. ಬದನೆಕಾಯಿ ಹೆಚ್ಚಿದ ಕೈ, ಚೂರಿಯನ್ನೇ ಒತ್ತುತ್ತಿತ್ತು. ಅಜ್ಜ ಗದರುತ್ತಿದ್ದ: "ಚೂರಿ ಸುಮ್ಮ ಇರಲಿ ಯವ್ವಾ! ಬೆಂಡು ತಿರುಗಲಿ!" ಚೂರಿಯನ್ನು ಅಲುಗದಂತೆ ಹಿಡಿದು ಬೆಂಡನ್ನು ಅದಕ್ಕೆ ಒರಗಿಸಿ ಉರುಳಿಸಬೇಕು, ಆಗ ಕಾಗದದಂತೆ ತೆಳ್ಳಗೆ, ಮಾರುದ್ದ ಸುರುಳಿ ಬಿಚ್ಚಿಕೊಂಡು ಬರುತ್ತದೆ. ಆಕೆಗೆ ಅದು ಬರಲೊಲ್ಲದು. ಎಷ್ಟೋ ಸಲ ಅಳು ಬಂತು. ಎದ್ದು ಬಂದುಬಿಡಲಿಲ್ಲ.

ಸುರುಳಿ ಬಂದ ಮೇಲೆ ಹೂವಿನ ಪಾಠ. ಎಸಳು ಕತ್ತರಿಸಿ, ತುದಿ ತೀಡಿ, ಒಂದರ ಮಗ್ಗುಲಿಗೆ ಒಂದನ್ನು ಕೂರಿಸಬೇಕು. ಇದಕ್ಕೇ ಎರಡು ವರ್ಷ ಬೇಕು ಅಂತ ಅಜ್ಜನ ಅಂದಾಜು. ಗುರಸಿದ್ದವ್ವ ಒಂದು ಎಸಳು ತೀಡಿದಳು, ಇನ್ನೊಂದು ತೀಡಿದಳು. ಅಜ್ಜ ಎಸಳನ್ನು ಬೆರಳಲ್ಲಿ ಸವರಿ ನೋಡಿದ. ಕಣ್ಣು ಹೋದವನ ಬೆರಳು ಸುಳ್ಳು ಹೇಳುವುದಿಲ್ಲ.

"ಇದನ್ನ ಎಲ್ಲಿ ಕಲ್ತ್ರಿ?"

"ಎಲ್ಲೂ ಇಲ್ರಿ. ಸೌತೆಬೀಜ ತೀಡ್ತಿದ್ನೆಲ್ಲ, ಹಂಗ ತೀಡಿದೆ."

ಕೇಳಿದಿರಾ? ನಲವತ್ತೈದು ವರ್ಷ ಬರೀ ಅಡಿಗೆಮನೆಯಲ್ಲಿ ಹೋಯಿತು ಅಂದುಕೊಂಡಿದ್ದಳು. ಹೋಗಿರಲಿಲ್ಲ. ಅಷ್ಟೂ ಬೆರಳ ತುದಿಯಲ್ಲಿ ಕೂತಿತ್ತು. ಆವತ್ತು ಮನೆಗೆ ನಡೆದು ಬರುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ತಾನೇ ಕರೆದು ಮಾತಾಡಿಸಿದಳಂತೆ.

ಚೈತ್ರ ಮುಗಿಯುವ ಹೊತ್ತಿಗೆ ಮದುಮಗಳ ಬಾಸಿಂಗ ಸಿದ್ಧವಾಯಿತು. ಅಷ್ಟರಲ್ಲಿ ಹಿರಿಯ ಮಗ ಸಿಟಿಯಿಂದ ಮಿಂಚಿನ ಬಾಸಿಂಗ ತರಿಸಿಟ್ಟಿದ್ದ, ಪ್ಲಾಸ್ಟಿಕ್ ಮಣಿಗಳದು. ಗುರಸಿದ್ದವ್ವನ ಆಸೆ ಒಂದೇ: ಮೊಮ್ಮಗಳ ಹಣೆಯ ಮೇಲೆ ತನ್ನ ಕೈಯ ಬಾಸಿಂಗ ಇರಬೇಕು. ಬುಟ್ಟಿಯಲ್ಲಿಟ್ಟು, ಸೆರಗು ಮುಚ್ಚಿ ಮನೆಗೆ ತಂದಳು. ತಂದ ಮೇಲೆ ಅನುಮಾನ. ಅಗಲ ಸರಿ ಇದೆಯೋ ಇಲ್ಲವೋ? ಈಗ ನೋಡಿ, ಇಲ್ಲಿ ಒಂದು ತಪ್ಪಾಯಿತು. ಬಾಸಿಂಗವನ್ನು ಮದುಮಕ್ಕಳ ಹಣೆಗಲ್ಲದೆ ಇನ್ನೊಬ್ಬರ ಹಣೆಗೆ ಮುಟ್ಟಿಸಬಾರದು. ಮುಟ್ಟಿಸಿದರೆ ಅದು ಬೇರೆಯವರಿಗೆ ಬರುವುದಿಲ್ಲ, ತೊಲೆಗೆ ಕಟ್ಟಿಬಿಡಬೇಕು. ಆಕೆಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಜನ್ಮವಿಡೀ ಸಾರಿನ ಉಪ್ಪು ಸರಿ ಇದೆಯೋ ಅಂತ ಅಂಗೈಗೆ ಹಾಕಿಕೊಂಡು ನೋಡಿದವಳು. ತನಗೆ ನೋಡಿಕೊಳ್ಳದೆ ಇನ್ನೊಬ್ಬರಿಗೆ ಬಡಿಸಿದವಳಲ್ಲ. ಕೈ ತಾನಾಗಿಯೇ ಎದ್ದಿತು. ಕನ್ನಡಿಯ ಮುಂದೆ ನಿಂತು ಬಾಸಿಂಗವನ್ನು ತನ್ನ ಹಣೆಗೇ ಹಿಡಿದಳು.

ಆ ಗಳಿಗೆಗೇ ಕಿರಿಯ ಸೊಸೆ ಬಾಗಿಲಲ್ಲಿ.

ಇನ್ನು ಕೇಳಬೇಕೆ? ಅರವತ್ತೊಂದರ ಹೆಂಗಸು, ಮೂರು ಮೊಮ್ಮಕ್ಕಳ ಅಜ್ಜಿ, ಬಾಸಿಂಗ ಇಟ್ಟುಕೊಂಡು ಕನ್ನಡಿ ನೋಡುತ್ತಿದ್ದಾಳೆ! ಅಡಿಗೆಮನೆಯಲ್ಲಿ ನಕ್ಕರು, ಹಿತ್ತಲಲ್ಲಿ ನಕ್ಕರು, ಸಂಜೆಯೊಳಗೆ ಊರ ಬಾವಿಕಟ್ಟೆಯಲ್ಲೂ ನಕ್ಕರು. ಅರವತ್ತಕ್ಕೆ ಅರಳುಮರಳು ಅಂದರು. ಸಾಹುಕಾರ ಗಿರಣಿಯಿಂದ ಕೆಂಪಾಗಿ ಬಂದ.

"ಏನಿದು? ನಾ ಊರಾಗ ಮಾರಿ ಎತ್ತಿ ತಿರಗಬೇಕೋ ಬ್ಯಾಡೋ? ಮಠ ಅಂತ ಹೇಳಿ ಚಿತ್ರಗಾರರ ಮನಿಗೆ ಹೋಗೂದು! ನಿನಗ ನಾ ಏನು ಕಡಿಮಿ ಮಾಡೀನಿ?"

"ಏನೂ ಕಡಿಮಿ ಮಾಡಿಲ್ರಿ" ಅಂದಳು ಗುರಸಿದ್ದವ್ವ. "ನನಗ ಬೇಕಾಗಿದ್ದು ನೀವು ತಂದು ಕೊಡೂ ಅಂಥಾದ್ದು ಅಲ್ಲ."

ಸಾಹುಕಾರನಿಗೆ ಅರ್ಥವಾಗಲಿಲ್ಲ. ಪಾಪ, ಆತನ ತಪ್ಪೂ ಅಲ್ಲ. ಕೇಳಿದ್ದೆಲ್ಲವನ್ನೂ ತಂದು ಕೊಟ್ಟವನು. "ನಾಳಿಯಿಂದ ಅಲ್ಲಿಗೆ ಹೋಗೂದು ಬ್ಯಾಡ" ಅಂತ ಹೇಳಿ ಕೈಕಾಲು ತೊಳೆಯಲು ಹೋದ.

ಎಂಟು ದಿನ ಆಕೆ ಹೋಗಲಿಲ್ಲ. ಒಂಬತ್ತನೆಯ ದಿನ ಮದುಮಗಳು ಬಂದು ಮಗ್ಗುಲಲ್ಲಿ ಕೂತಳು.

"ಅಜ್ಜಿ, ನನ್ನ ಬಾಸಿಂಗ ಎಲ್ಲೈತಿ?"

"ಸಿಟಿಯಿಂದ ಬಂದೈತೆಲ್ಲವ್ವಾ."

"ಅದಲ್ಲ. ನೀ ಮಾಡಿದ್ದು."

"ಅದನ್ನ ನಾ ಹಣಿಗೆ ಇಟ್ಟುಬಿಟ್ಟೆ. ಇನ್ನ ನಿನಗ ಬರೂದಿಲ್ಲ."

"ಹಂಗಾದ್ರ ಇನ್ನೊಂದು ಮಾಡು."

"ಹನ್ನೊಂದ ದಿನ ಉಳದೈತಿ. ಐದು ತಿಂಗಳ ಹಿಡದೈತಿ ಅದೊಂದು ಮಾಡಾಕ."

ಹುಡುಗಿ ಆಕೆಯ ಕೈ ಹಿಡಿದು ನೋಡಿ ಎದ್ದು ಹೋದಳು. ಒತ್ತಾಯ ಮಾಡಲಿಲ್ಲ. ಮಾಡಿದ್ದರೆ ಬಹುಶಃ ಗುರಸಿದ್ದವ್ವ ಆಗುವುದಿಲ್ಲ ಅನ್ನುತ್ತಿದ್ದಳು. ಯಾರೂ ಒತ್ತಾಯಿಸದೆ ಹೋದಾಗಲೇ ಮನುಷ್ಯ ತನ್ನನ್ನು ತಾನು ಕೇಳಿಕೊಳ್ಳಬೇಕಾಗುತ್ತದೆ. ಹೆದರಿಕೆ ಬೆಂಡಿನದೋ, ನಗುವಿನದೋ? ದಿನ ಸಾಲದು ಅನ್ನುವುದು ನಿಜವೋ, ನೆಪವೋ? ಆಕೆ ಅರ್ಧ ತಾಸು ಹಾಗೇ ಕೂತಿದ್ದಳು. ಆಮೇಲೆ ಎದ್ದಳು, ಚಪ್ಪಲಿ ಮೆಟ್ಟಿದಳು. ಪಡಸಾಲೆಯಲ್ಲಿ ಸಾಹುಕಾರ ಕೂತಿದ್ದ. ನಲವತ್ತೈದು ವರ್ಷ ಹೊಸ್ತಿಲು ದಾಟುವಾಗ "ಹೋಗ್ಲೇನ್ರಿ?" ಅಂತ ಕೇಳಿದವಳು.

"ನಾ ಚಿತ್ರಗಾರರ ಮನಿಗೆ ಹೊಂಟೀನ್ರಿ. ಸಂಜಿ ದೀಪ ಹಚ್ಚೂದ್ರಾಗ ಬರ್ತೀನಿ" ಅಂದಳು. ಕೇಳಲಿಲ್ಲ, ಹೇಳಿದಳು. ಹೇಳಿ ಹೋದಳು.

ಸಾಹುಕಾರ ಬಾಯಿ ತೆರೆದ. ಮಾತು ಸಿದ್ಧವಾಗುವಷ್ಟರಲ್ಲಿ ಆಕೆ ಓಣಿಯ ತಿರುವು ದಾಟಿದ್ದಳು.

ನಡೆದದ್ದನ್ನು ಕೇಳಿ ಚಿತ್ರಗಾರ ಅಜ್ಜ ತಲೆ ಚಚ್ಚಿಕೊಂಡ. "ಅಯ್ಯ ಯವ್ವಾ, ಹಣಿ ಅಳಿಯೂದು ಬೆರಳಿಲೆ! ಹುಡುಗಿ ಹಣಿಮ್ಯಾಲ ಗೇಣಿಟ್ಟು ನೋಡಿ ಬಂದಿದ್ರ ಆಗ್ತಿತ್ತಲ್ಲ. ಇದನ್ನ ನಾ ಹೇಳಬೇಕಿತ್ತು. ತಪ್ಪು ನಂದು." ಹನ್ನೊಂದು ದಿನ ಆಕೆ ಕೊರೆದಳು, ಆತ ಬೆರಳಾಡಿಸಿ ತಿದ್ದಿದ. ಸಿಟಿಯವನ ಮಾಲಿನಂತೆ ಅದು ಮಿಂಚಲಿಲ್ಲ. ಎಡಗಡೆಯ ಒಂದು ಹೂವು ತುಸು ಸೊಟ್ಟಗೂ ಇತ್ತು. ಬಿಚ್ಚಿ ಮತ್ತೆ ಮಾಡಲು ವೇಳೆ ಇರಲಿಲ್ಲ. ಇರಲಿ ಅಂತ ಬಿಟ್ಟಳು.

ಮದುವೆಯ ದಿನ ಮೊಮ್ಮಗಳು ಅಜ್ಜಿಯ ಬಾಸಿಂಗವನ್ನೇ ಕಟ್ಟಿಸಿಕೊಂಡಳು. ಮಂದಿ ಮದುಮಗಳನ್ನು ನೋಡುತ್ತಿದ್ದರು. ಸಾಹುಕಾರ ಮಾತ್ರ ಹೆಂಡತಿಯನ್ನು ನೋಡುತ್ತಿದ್ದ. ಅಕ್ಕಿಕಾಳು ಹಿಡಿದು ನಿಂತಿದ್ದಾಳೆ, ಹಾಕುವುದನ್ನೇ ಮರೆತಿದ್ದಾಳೆ, ಮುಖದ ಮೇಲೆ ಒಂದು ತೃಪ್ತಿ. ಈ ಮುಖವನ್ನು ಆತ ಒಂದು ದಿನವೂ ನೋಡಿರಲಿಲ್ಲ. ಬಂಗಾರ ತಂದಾಗ ನೋಡಿರಲಿಲ್ಲ, ಗಂಡು ಹುಟ್ಟಿದಾಗ ನೋಡಿರಲಿಲ್ಲ. ಆತನಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಆ ವರ್ಷವೇ ಸುತ್ತಿನ ಊರುಗಳಿಂದ ಹೆಂಗಸರು ಎಲೆ ಅಡಿಕೆ ಹಿಡಿದು ಬರತೊಡಗಿದರು. "ಬಾಸಿಂಗದವ್ವನ ಮನಿ ಇದೇ ಏನ್ರಿ?" ಪಡಸಾಲೆಯಲ್ಲಿ ಕೂತ ಸಾಹುಕಾರ ಏನನ್ನುತ್ತಿದ್ದ ಗೊತ್ತೇ? "ಹೌದ್ರಿ, ಇದೇ. ಆಕಿ ಕೆಲಸದಾಗ ಅದಾಳ. ಕುಂದರ್ರಿ, ಚಾ ಮಾಡ್ಕೊಂಡು ಬರ್ತೀನಿ." ಅರವತ್ತೆಂಟನೆಯ ವಯಸ್ಸಿನಲ್ಲಿ ಚಹಾ ಮಾಡಲು ಕಲಿತಿದ್ದ. ಮೊದಮೊದಲು ಬಂದವರು ಕುಡಿಯಲಾರದೆ ಕುಡಿದರು. ಆಮೇಲೆ ಚೆನ್ನಾಗಿಯೇ ಮಾಡಿದ.

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರುತ್ತೇನೆ. ಅಲ್ಲಿ ಎದ್ದು ಹೋಗುವವರು ಸ್ವಲ್ಪ ಕೂತುಕೊಳ್ಳಿ.

ಐವತ್ತು ದಾಟಿದರೆ ಸಾಕು, ನಮ್ಮ ಬಾಯಲ್ಲಿ ಒಂದೇ ಮಾತು: ಇನ್ನೇನು, ಮುಗಿಯಿತಲ್ಲ. ಏನು ಮುಗಿಯಿತು? ದೇವರು ಬಂದು ನಿಮ್ಮ ಕಿವಿಯಲ್ಲಿ ಹೇಳಿದನೇ? ಶರಣರು ಕಾಯಕ ಅಂದರು. ಇಂಥ ವಯಸ್ಸಿನವರೆಗೆ ಕಾಯಕ, ಆಮೇಲೆ ಕಟ್ಟೆಯ ಮೇಲೆ ಹರಟೆ ಅಂತ ಎಲ್ಲಾದರೂ ಅಂದರೇ? ಹಾಡಬೇಕು ಅನ್ನಿಸಿತ್ತೇ? ನಾಳೆ ಊಟವಾದ ಮೇಲೆ ಹಾಡಿ. ಅಪಸ್ವರ ಬರುತ್ತದೆ, ಬರಲಿ. ಮರ ಕೆತ್ತಬೇಕು ಅನ್ನಿಸಿತ್ತೇ, ಅಕ್ಷರ ಕಲಿಯಬೇಕು ಅನ್ನಿಸಿತ್ತೇ? ದಿನಕ್ಕೆ ಒಂದು ತಾಸು, ಯಾರ ಅಪ್ಪಣೆಯೂ ಬೇಡ. ಸುಳ್ಳೂ ಬೇಡ, ಮಠಕ್ಕೆ ಹೊರಟೆ ಅನ್ನಬೇಡಿ, ಕಲಿಯಲಿಕ್ಕೆ ಹೊರಟೆ ಅನ್ನಿ. ಸೊಸೆಯಂದಿರೇ, ಮಕ್ಕಳೇ, ಹಿರಿಯರಿಗೆ "ಕುಂದರ್ರಿ" ಅನ್ನುತ್ತೀರಿ, ಒಳ್ಳೆಯದು. ಇನ್ನು ಮೇಲೆ "ಏನು ಮಾಡಬೇಕಂತೀರಿ?" ಅಂತಲೂ ಕೇಳಿ. ಅವರು ಏನಾದರೂ ಹೇಳಿದರೆ ನಗಬೇಡಿ. ಒಂದು ನಗು ಎಂಟು ದಿನ ತಿನ್ನುತ್ತದೆ. ಕೆಲವರದು ಇಡೀ ಜನ್ಮವನ್ನೇ ತಿಂದಿದೆ.

ಮಾತು ಮುಗಿಸುತ್ತಿದ್ದೆ. ಈಗ ನನ್ನ ತಪ್ಪು ನನಗೆ ಕಾಣಿಸಿತು. ಈ ಗೋಡೆಯ ಆಚೆ ದಾಸೋಹದ ಮನೆಯಲ್ಲಿ ಹದಿನಾರು ಜನ ತಾಯಂದಿರು ಬೆಳಗಿನಿಂದ ರೊಟ್ಟಿ ಬಡಿಯುತ್ತಿದ್ದಾರೆ. ನಮಗಾಗಿ. ಈ ಕಥೆಯನ್ನು ಯಾರು ಕೇಳಬೇಕಿತ್ತೋ ಅವರಿಗೆ ಕೇಳಿಸಿಲ್ಲ. ಇಪ್ಪತ್ತು ವರ್ಷದಿಂದ ಇಲ್ಲಿ ಪ್ರವಚನ ಹೇಳುತ್ತಿದ್ದೇನೆ, ಇಪ್ಪತ್ತು ವರ್ಷದಿಂದ ಅವರಿಗೆ ಕೇಳಿಸಿಲ್ಲ.

ಗಂಡಸರೆಲ್ಲ ಏಳಿ. ಹೌದು, ಕಂಬಕ್ಕೆ ಒರಗಿದವರೂ ಏಳಿ. ಅಂಗಿಯ ತೋಳು ಮಡಚಿಕೊಂಡು ಒಲೆಯ ಮುಂದೆ ಹೋಗಿ, ಆ ತಾಯಂದಿರನ್ನು ಇಲ್ಲಿಗೆ ಕಳುಹಿಸಿ. ರೊಟ್ಟಿ ದುಂಡಗೆ ಬರುವುದಿಲ್ಲ, ನನಗೂ ಗೊತ್ತು. ಹರಿದ ರೊಟ್ಟಿಯೇ ಇವತ್ತಿನ ಪ್ರಸಾದ. ಅವರು ಬಂದು ಕೂರಲಿ. ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.