ರಮ್ಮಿನಲ್ಲಿ ತೇಲುವ ಕೈ

ದೆವ್ವಭೂತಗಳ ವೇಷ ಹಾಕಿ ಹೆದರಿಸುವ ಹ್ಯಾಲೋವೀನ್ ಹಬ್ಬದ ಹಿಂದಿನ ದಿನ ಡೆರಿ ಪಟ್ಟಣದ ಅಂಗಡಿಯೊಂದರ ಸಾಲಿನಲ್ಲಿ, ಮುಂದೆ ನಿಂತಿದ್ದ ಅಕ್ಕತಂಗಿಯರ ಮಾತು ಹಿಂದಿದ್ದ ಗ್ರಾನ್ಯಾ ಎಂಬ ಗಿರಾಕಿಯ ಕಿವಿಗೆ ಬಿತ್ತು.

"ರಬ್ಬರ್ ಕೈಗವಸು ಯಾತಕ್ಕೆ, ಬ್ರೋನಕ್ಕಾ?"

"ನೀರು ತುಂಬಿ ಫ್ರೀಜರಲ್ಲಿಡ್ತೀನಿ ಉನಾ. ನಾಳೆ ಪಾರ್ಟೀಲಿ ರಮ್ಮು, ಕಪ್ಪು ದ್ರಾಕ್ಷಿರಸ ಬೆರೆಸಿದ ಬೋಗುಣೀಲಿ ಆ ಐಸು ಹೆಣದ ಕೈ ಥರ ತೇಲ್ಬೇಕು."

"ಡಾಕ್ಟ್ರು ನಿಂಗೆ ಕುಡೀಬಾರ್ದು ಅಂದಿದಾರೆ."

"ಬೆರೆಸ್ಬಾರ್ದು ಅಂದಿಲ್ವಲ್ಲ! ಕುಡಿಯೋಕೆ ನೀವೆಲ್ಲ ಇದೀರಿ."

"ಕೀಮೋ ಇನ್ನೂ ಮುಗಿದಿಲ್ಲ. ಈ ವರ್ಷ ಬಿಟ್ಬಿಡು."

"ಮುಂದಿನ ವರ್ಷ ಇರ್ತೀನಿ ಅಂತ ಬರ್ಕೊಡ್ತೀಯಾ?"

ಉನಾ ಅಕ್ಕನ ತಲೆಯ ಸ್ಕಾರ್ಫನ್ನು ಸರಿಪಡಿಸಿದಳು.

"ವಿಗ್ ಆದ್ರೂ ಹಾಕ್ಕೋ. ಬೋಳು ತಲೆ ನೋಡಿ ಜನ ಹೆದರ್ತಾರೆ."

"ಹೆದರ್ಲಿ! ಹಬ್ಬ ಇರೋದೇ ಅದಕ್ಕೆ."

ಬ್ರೋನಾ ತಲೆಗೆ ಕಟ್ಟಿದ್ದ ಸ್ಕಾರ್ಫನ್ನು ಅಲ್ಲೇ ಬಿಚ್ಚಿ ಜೇಬಿಗೆ ತುರುಕಿದಳು. ದುಡ್ಡು ಕೊಟ್ಟು, ಯಾರ ಕಣ್ಣನ್ನೂ ತಪ್ಪಿಸದೆ ಬಾಗಿಲತ್ತ ನಡೆದಳು. ಉನಾ ಓಡಿಹೋಗಿ ಅವಳ ತೋಳು ಹಿಡಿದು ಜೊತೆಗೆ ನಡೆದಳು.