ಕೆಳಗಿನ ಸಾಲು

...ತಪ್ಪ ತಿಳ್ಕೋಬ್ಯಾಡ್ರಿ ಪ್ರತಾಪ ಸರ, ನನಗ ಒಂದ ಮಾತೂ ನೆಟ್ಟಗ ಹೇಳಾಕ ಬರೂದಿಲ್ಲ. ಮೊದಲಿಂದ ಹೇಳ್ತೇನಿ. ಸ್ಟಿಕರ್ ಅಂದ್ರ ವಾಟ್ಸಾಪಿನ್ಯಾಗ ಕಳಸೂ ಸಣ್ಣ ಚಿತ್ರ... ಯಾಕ ನಗ್ತೀರಿ? ಗೊತ್ತೈತಿ ನಿಮಗ, ಗೊತ್ತೈತಿ. ಆದ್ರೂ ಹೇಳ್ತೇನಿ.

ದಿನಾ ನಾಕ ಗಂಟೆಕ್ಕ ನಾ ನಮ್ಮ ಸಾಲಿ ಮಾಸ್ತರರ ಗ್ರೂಪಿನ್ಯಾಗ ಹಾಕ್ತಿದ್ನೆಲ್ಲ, ಒಬ್ಬ ಅಜ್ಜ ಎರಡೂ ಕೈಲೆ ಕಪ್ಪ ಹಿಡಕೊಂಡು ಮ್ಯಾಲೆ ನೋಡೂದು? 'ಚಾ ಹಾಕ್ರೀ ಯಪ್ಪಾ' ಅಂತ? ಎಲ್ಲಾರೂ ನಗ್ತಿದ್ರು. ಕಸ್ತೂರಿ ಬಾಯಾರಂತೂ ಬಿದ್ದ ಬಿದ್ದ ನಗ್ತಿದ್ರು. ನೀವೂ ಒಂದ ಸಲ ಹಾಕಿದ್ರಿ, ಹೌದಿಲ್ಲೋ? ಗೊತ್ತಿಲ್ದ ಹಾಕಿದ್ರಿ. ನಾನೂ ಹಂಗ! ಎಲ್ಲಿಂದೋ ಬಂತು, ಹಾಕಿದೆ. ಅಷ್ಟ.

ಏನ ತೋರಸಾಕತ್ತೀರಿ ಮೊಬೈಲಿನ್ಯಾಗ? ...ಓ. ಆ ಸ್ಟಿಕರಿನ ಪೂರಾ ಫೋಟೋ. ಇದನ್ನ ನಿಮಗ ಯಾರ ಕೊಟ್ರು? ಕ್ಲರ್ಕ್ ನಂದಕಿಶೋರನ? ಅಂವ ಮೊದಲಿಂದ್ಲೂ ನನ್ನ ಮ್ಯಾಲೆ ಕಣ್ಣ ಇಟ್ಟಾನ. ಹೌದೋ ಅಲ್ಲೋ, ಅಷ್ಟರ ಹೇಳ್ರಿ!

ಹೂಂ... ನೋಡಿದೆ. ಅಜ್ಜನ್ನ ಹೊಟೇಲಿನ ಹೊರಗ, ಚಪ್ಪಲಿ ಬಾಜೂಕ ಕುಂಡ್ರಿಸ್ಯಾರ. ಮ್ಯಾಲಿಂದ ಚಾ ಸುರವಾಕತ್ತಾರ, ಮುಟ್ಟಬಾರದಂತ. ಕೆಟ್ಟದ್ದರಿ. ಭಾಳ ಕೆಟ್ಟದ್ದು. ಆದ್ರ ನಾ ಹಾಕಿದ್ರಾಗ ಬರೇ ಮಾರಿ, ಕಪ್ಪು. ಇದೆಲ್ಲಾ ನನಗ ಹೆಂಗ ಗೊತ್ತಾಗಬೇಕು?

ಆ ಹಾಳಿ ಯಾವದರಿ? ಅನೂಪ ಅಂತ ನನ್ನ ಹೆಸರೈತೆಲ್ಲ... ಹೆಡ್ ಮಾಸ್ತರಿಗೆ ತಕ್ರಾರ ಅರ್ಜಿನ? ಇನ್ನೂ ಸಹಿ ಮಾಡಿಲ್ಲ ಹೌದಿಲ್ಲೋ? ಮಾಡಬ್ಯಾಡ್ರಿ ಸರ. ಐದ ವರ್ಷ ಜಲನಗರದಿಂದ ಟಿಕೋಟಾ ಸಾಲಿಗೆ ಒಂದ ಗಾಡಿ ಮ್ಯಾಲೆ ಬಂದೇವಿ. ಪರಸವ್ವಾರು, ನಿಮ್ಮ ಅವ್ವಾರು, ಮಾಡಿದ ರೊಟ್ಟಿ ನಿಮ್ಮ ಡಬ್ಬ್ಯಾಗಿಂದ ಕಸಗೊಂಡ ತಿಂದೇನಿ. ನನ್ನ ನೌಕರಿ ಹೋಗ್ತೈತ್ರಿ! ಆ ಹೊಟೇಲ್ ನಂದಲ್ಲ, ಫೋಟೋ ನಾ ತಗದಿಲ್ಲ, ಕೆಳಗಿನ ಆ ಹೊಲಸ ಸಾಲರ ನಾ ಬರದೇನೇನು?

ಯಾಕ ಹಂಗ ನೋಡ್ತೀರಿ? ಯಾವ ಸಾಲ ಅಂದ್ರ... ಫೋಟೋದ ಕೆಳಗ ಇರ್ತೈತೆಲ್ಲರಿ, ನಿಮ್ಮ ಜಾತಿ ಹೆಸರ ಹಿಡದು... ತೋರಸ್ರಿ ಇಲ್ಲೆ.

...ಇಲ್ಲ. ಇದರಾಗ ಇಲ್ಲ.

ಮೊಬೈಲ್ ಯಾಕ ಕಿಸೆಕ್ಕ ಹಾಕಿದ್ರಿ ಸರ? ಬೈರಿ ಬೇಕಾದ್ರ. ಹೂಂ, ಇತ್ತರಿ. ನನಗ ಬಂದದ್ರಾಗ ಇತ್ತು. ನಾನ ಅದನ್ನ ಕತ್ತರಿಸಿ ಸ್ಟಿಕರ್ ಮಾಡಿದೆ. ಯಾಕಂದ್ರ, ಹೇಳ್ತೇನಿ ಕೇಳ್ರಿ, ಗ್ರೂಪಿನ್ಯಾಗ ನೀವೂ ಇದ್ರೆಲ್ಲ, ಅದಕ್ಕ ನಾ... ಹಾಂ? ಏನೋ ಶಿವಾಜಿ, ಕ್ಲಾಸ್ ಬಿಟ್ಟ ಬಂದಿ? ಹೆಡ್ ಮಾಸ್ತರು ಕರಿಯಾಕತ್ತಾರ? ನನ್ನ? ಬಂದೆ ಅಂತ ಹೇಳೋ!

ಸರ... ಪೆನ್ ಯಾಕ ತಗದ್ರಿ? ನಾ ಇನ್ನಾ ಹೇಳಿ ಮುಗಿಸಿಲ್ಲ, ಅದಕ್ಕ ನಾ ಏನ ಮಾಡಿದೆ ಅಂದ್ರ...